‘ಬಿದ್ರಾ?’ ಅಂತ ಕೇಳುವ ಮೊದಲು

ಪಾರ್ಕಿನ್ಸನ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ನಡುಗುವ ಕೈ. ಕಾಫಿ ಲೋಟ ಹಿಡಿದ ಕೈ, ಬ್ಯಾಂಕಿನಲ್ಲಿ ಸಹಿ ಹಾಕಲು ಒದ್ದಾಡುವ ಕೈ. ನಮ್ಮ ಕಡೆ ‘ನಡುಕದ ಕಾಯಿಲೆ’ ಅನ್ನುತ್ತಾರೆ, ಆಯುರ್ವೇದದಲ್ಲಿ ‘ಕಂಪವಾತ’. ಹೆಸರಿನಲ್ಲೇ ನಡುಕ ಇರುವುದರಿಂದ ಮನೆಯವರೂ ನಡುಕವನ್ನೇ ನೋಡುತ್ತಾರೆ, ನಡುಕವನ್ನೇ ವಿಚಾರಿಸುತ್ತಾರೆ. ನಡುಕದ ನಂತರ ವಿಚಾರಿಸುವ ಇನ್ನೊಂದು ಸಂಗತಿ ಬೀಳುವುದು. “ಮತ್ತೆ ಬಿದ್ರಾ?” ಎಂದು ಫೋನಿನಲ್ಲಿ ಕೇಳುವುದು ಒಂದು ರೂಢಿಯೇ ಆಗಿಬಿಟ್ಟಿದೆ.

ಈ ಲೇಖನ ಬರೆಯಲು ಕೂತ ನಾವು ನಾಲ್ವರು. ಒಬ್ಬರು ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾರೆ, ಇನ್ನೊಬ್ಬರು ನರವಿಜ್ಞಾನದ ಲ್ಯಾಬ್‌ನಲ್ಲಿದ್ದಾರೆ. ಉಳಿದಿಬ್ಬರು ಓದಿನ ಜೊತೆಗೆ ವಾರಕ್ಕೆ 20 ಗಂಟೆ ಕೇರ್ ಹೋಮ್‌ನಲ್ಲಿ ಕೆಲಸ ಮಾಡಿ ಬಾಡಿಗೆ ಕಟ್ಟುವವರು. ನಾಲ್ವರಲ್ಲಿ ಮೂವರ ಮನೆಯಲ್ಲಿ ಈ ಕಾಯಿಲೆ ಇದೆ: ಒಬ್ಬರ ಅಜ್ಜ, ಒಬ್ಬರ ದೊಡ್ಡಮ್ಮ, ಒಬ್ಬರ ತಂದೆ. ಸಂಘದ ಯುಗಾದಿ ಊಟದ ದಿನ ಪಾತ್ರೆ ತೊಳೆಯುತ್ತಾ ಮಾತಾಡುವಾಗ ತಿಳಿದದ್ದು, ನಮ್ಮ ಸಂಘದಲ್ಲಿ ಇಂಥ ಮನೆಗಳು ಇನ್ನೂ ಇವೆ ಅಂತ. ಹಾಗಾಗಿ ಇದು ವೈದ್ಯಕೀಯ ಲೇಖನ ಅಲ್ಲ, ಅಭಿಪ್ರಾಯ. ನಮ್ಮ ಅಭಿಪ್ರಾಯ ಇಷ್ಟು: ಪಾರ್ಕಿನ್ಸನ್ ಇರುವ ಹಿರಿಯರು ಬೀಳುವುದಕ್ಕೂ, ಅವರು ದಿನವಿಡೀ ಅನುಭವಿಸುವ ನೋವು ಮತ್ತು ಸುಸ್ತಿಗೂ ನೇರ ನಂಟಿದೆ. ಬಿದ್ದದ್ದನ್ನು ಎಲ್ಲರೂ ಕೇಳುತ್ತಾರೆ. ನೋವು, ಸುಸ್ತು ಎರಡನ್ನೂ “ವಯಸ್ಸಾಯ್ತಲ್ಲ” ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕುತ್ತಾರೆ. ಇದು ನಿಲ್ಲಬೇಕು.

ಈ ಕಾಯಿಲೆಯ ಕಥೆ ಶುರುವಾಗುವುದು ನಾವು ವಾರಾಂತ್ಯಕ್ಕೆ ಸುತ್ತಾಡುವ ಊರಿನಲ್ಲೇ. ಪೂರ್ವ ಲಂಡನ್ನಿನ ಹಾಕ್ಸ್‌ಟನ್ ಸ್ಕ್ವೇರ್‌ನಲ್ಲಿ ಈಗ ಬಾರ್, ರೆಸ್ಟೋರೆಂಟ್‌ಗಳೇ ಜಾಸ್ತಿ. ಅಲ್ಲೇ ವಾಸವಾಗಿದ್ದ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಇದ್ದದ್ದು ಆರು ಜನರ ವಿವರ. ಅವರಲ್ಲಿ ಕೆಲವರನ್ನು ಆತ ರಸ್ತೆಯಲ್ಲಿ ಕಂಡದ್ದಷ್ಟೇ. ನಡುಕ, ಮುಂದಕ್ಕೆ ಬಾಗಿದ ಮೈ, ನಡೆಯುತ್ತಾ ನಡೆಯುತ್ತಾ ಓಟಕ್ಕೆ ತಿರುಗುವ ಹೆಜ್ಜೆ, ಎಲ್ಲವನ್ನೂ ಗಮನಿಸಿದ್ದ. ರಸ್ತೆಯ ಈಚೆ ಬದಿ ನಿಂತು ನೋಡಿದರೆ ಕಾಣುವುದು ಅದೇ ತಾನೇ! ನೋವು ಆ ದೂರಕ್ಕೆ ಕಾಣುವುದಿಲ್ಲ, ಸುಸ್ತಂತೂ ಹತ್ತಿರ ಹೋದರೂ ಕಾಣುವುದಿಲ್ಲ. ಇಂದ್ರಿಯಗಳಿಗೂ ಬುದ್ಧಿಗೂ ಈ ಕಾಯಿಲೆಯಿಂದ ತೊಂದರೆ ಇಲ್ಲ ಎಂದೂ ಆತ ಬರೆದ. ಮುಂದೆ ಪ್ಯಾರಿಸ್‌ನ ಶಾರ್ಕೋ ಇದಕ್ಕೆ ಪಾರ್ಕಿನ್ಸನ್ ಹೆಸರು ಕೊಟ್ಟಾಗ, ‘ನಡುಗುವ ಪಾರ್ಶ್ವವಾಯು’ ಎಂಬ ಹಳೆಯ ಹೆಸರು ಸರಿಯಲ್ಲ ಎಂದೂ ಹೇಳಿದ್ದ. ಎಲ್ಲರಿಗೂ ನಡುಕ ಇರುವುದಿಲ್ಲ, ಯಾರಿಗೂ ನಿಜವಾದ ಪಾರ್ಶ್ವವಾಯು ಆಗಿರುವುದಿಲ್ಲ ಅಂತ. ಅವನು ಹೇಳಿ ಸುಮಾರು ನೂರೈವತ್ತು ವರ್ಷವಾಯಿತು. ನಮ್ಮ ಬೀದಿಯಲ್ಲಿ ಈಗಲೂ ಅದು ನಡುಕದ ಕಾಯಿಲೆಯೇ.

ಅಂಕಿ ಅಂಶ ಸ್ವಲ್ಪ ನೋಡೋಣ, ಜಾಸ್ತಿ ಬೇಡ. 65 ದಾಟಿದ ಸಾಮಾನ್ಯ ಹಿರಿಯರಲ್ಲಿ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಪಾರ್ಕಿನ್ಸನ್ ಇರುವವರಲ್ಲಿ ಇದು ನೂರಕ್ಕೆ ಸುಮಾರು 60. ನೂರಕ್ಕೆ ಸುಮಾರು 40 ಜನ ಮತ್ತೆ ಮತ್ತೆ ಬೀಳುವವರು. ನೋವಿನ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ, ಕೆಲವು ಕಡೆ ನೂರಕ್ಕೆ 40, ಕೆಲವು ಕಡೆ 80ರ ಮೇಲೆ. ಸುಸ್ತು ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕಿದೆ. ಬ್ರಿಟನ್ನಿನಲ್ಲಿ ಈ ಕಾಯಿಲೆಯವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಭಾರತದಲ್ಲಿ 2016ರ ಅಂದಾಜಿನಂತೆ ಐದೂವರೆ ಲಕ್ಷದ ಮೇಲೆ. 2014ರಲ್ಲಿ ಇಲ್ಲಿನ ಪಾರ್ಕಿನ್ಸನ್ಸ್ ಯುಕೆ ಸಂಸ್ಥೆ ಮತ್ತು ಜೇಮ್ಸ್ ಲಿಂಡ್ ಅಲಯನ್ಸ್ ಸೇರಿ, ರೋಗಿಗಳು, ಮನೆಯವರು, ವೈದ್ಯರು ಎಲ್ಲರನ್ನೂ ಕೇಳಿ, “ಮೊದಲು ಯಾವುದಕ್ಕೆ ಪರಿಹಾರ ಹುಡುಕಬೇಕು?” ಎಂದು ಪಟ್ಟಿ ಮಾಡಿದವು. ಪಟ್ಟಿಯಲ್ಲಿ ಮೊದಲು ಬಂದದ್ದು ಸಮತೋಲನ ತಪ್ಪುವುದು ಮತ್ತು ಬೀಳುವುದು. ಕಾಯಿಲೆ ಅನುಭವಿಸುವವರ ಭಯ ಎಲ್ಲಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಸರಿ, ನೋವಿಗೂ ಬೀಳುವುದಕ್ಕೂ ಏನು ಸಂಬಂಧ?

ನೀವು ಟ್ಯೂಬ್ ಹಿಡಿಯಲು ಓಡುವಾಗ ಕಾಲಿನ ಬಗ್ಗೆ ಯೋಚಿಸುವುದಿಲ್ಲ. ಯೋಚನೆ ಎಲ್ಲೋ ಇರುತ್ತದೆ, ಕಾಲು ತನ್ನಷ್ಟಕ್ಕೆ ತಾನು ನಡೆಯುತ್ತದೆ. ಹೀಗೆ ತನ್ನಷ್ಟಕ್ಕೆ ನಡೆಯುವ ಕೆಲಸಗಳನ್ನು ನೋಡಿಕೊಳ್ಳುವುದು ಮೆದುಳಿನ ಆಳದ ಕೆಲವು ಗಂಟುಗಳು. ಅವು ಸರಿಯಾಗಿ ಕೆಲಸ ಮಾಡಲು ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಕೋಶಗಳೇ ಸಾಯುತ್ತಾ ಹೋಗುತ್ತವೆ. ಆಗ ಪ್ರತಿ ಹೆಜ್ಜೆಯನ್ನೂ ಗಮನ ಕೊಟ್ಟು ಇಡಬೇಕಾಗುತ್ತದೆ. ಹೊಸದಾಗಿ ಕಾರು ಕಲಿಯುವವರು ಕ್ಲಚ್, ಗೇರ್, ಕನ್ನಡಿ ಎಲ್ಲವನ್ನೂ ನೆನಪಿಟ್ಟುಕೊಂಡು ಓಡಿಸುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಕೂತವರು ಮಾತಾಡಿಸಿದರೆ ಗಾಡಿ ಆಫ್ ಆಗುತ್ತದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಬಹಳ ಸರಳವಾದ ಒಂದು ಸಂಗತಿ ತೋರಿಸಿದರು: ನಡೆಯುವಾಗ ಮಾತಾಡಿಸಿದರೆ ನಿಂತುಬಿಡುವ ವೃದ್ಧರು ಮುಂದೆ ಬೀಳುವ ಸಾಧ್ಯತೆ ಹೆಚ್ಚು. ಅವರು ನಿಲ್ಲುವುದು ಮರ್ಯಾದೆಗಲ್ಲ, ಎರಡೂ ಒಟ್ಟಿಗೆ ಆಗುವುದಿಲ್ಲ ಅಂತ.

ಈಗ ಆ ಗಮನದ ಒಂದು ಪಾಲನ್ನು ನೋವು ಕಿತ್ತುಕೊಂಡಿತು ಅಂದುಕೊಳ್ಳಿ. ಮಂಡಿ ನೋವು, ಸೊಂಟ ನೋವು, ಹೆಗಲು ನೋವು ಯಾವುದೇ ಇರಲಿ, ನೋವು ಸುಮ್ಮನೆ ಮೂಲೆಯಲ್ಲಿ ಕೂರುವ ಅತಿಥಿ ಅಲ್ಲ, ಮಾತಾಡಿಸುತ್ತಲೇ ಇರುತ್ತದೆ. ಉಳಿದ ಗಮನದ ಇನ್ನೊಂದು ಪಾಲನ್ನು ಸುಸ್ತು ತೆಗೆದುಕೊಂಡಿತು. ಹೆಜ್ಜೆಗೆ ಉಳಿದದ್ದು ಎಷ್ಟು? ಆ ಹೊತ್ತಿಗೆ ಕುಕ್ಕರ್ ಕೂಗಿದರೆ, ಬಾಗಿಲ ಗಂಟೆ ಬಾರಿಸಿದರೆ, ಮೊಮ್ಮಗಳ ವಿಡಿಯೋ ಕಾಲ್ ಬಂದರೆ? ಇದು ಒಂದು ದಾರಿ. ಇನ್ನೊಂದು ದಾರಿ ನಿಧಾನದ್ದು: ನೋವು ಅಂತ ನಡೆಯುವುದನ್ನು ಕಡಿಮೆ ಮಾಡುತ್ತಾರೆ, ಸುಸ್ತು ಅಂತ ಮಲಗುತ್ತಾರೆ, ತೊಡೆಯ ಶಕ್ತಿ ಇಳಿಯುತ್ತದೆ, ಕೀಲು ಇನ್ನಷ್ಟು ಬಿಗಿಯಾಗುತ್ತದೆ, ನೋವು ಇನ್ನಷ್ಟು ಜಾಸ್ತಿಯಾಗುತ್ತದೆ. ಒಮ್ಮೆ ಬಿದ್ದರಂತೂ ಭಯ ಸೇರಿಕೊಳ್ಳುತ್ತದೆ. ಭಯಪಟ್ಟು ನಡೆಯುವವರ ಹೆಜ್ಜೆ ಇನ್ನೂ ಗಿಡ್ಡವಾಗುತ್ತದೆ.

ನೋವಿನ ವಿಷಯದಲ್ಲಿ ನಮಗೆ ಹೇಳಲೇಬೇಕು ಅನ್ನಿಸಿದ್ದು ಭಾಷೆಯ ಮಾತು. ಕನ್ನಡ ಸಂಘದ ಪುಸ್ತಿಕೆಯಲ್ಲಿ ಇದನ್ನು ಬರೆಯುತ್ತಿರುವುದೂ ಅದಕ್ಕೇ. ಪಾರ್ಕಿನ್ಸನ್‌ನ ನೋವು ಒಂದೇ ಬಗೆಯದಲ್ಲ. ಸ್ನಾಯು ಬಿಗಿದು ಬರುವ ನೋವು ಬೇರೆ. ಎಷ್ಟೋ ಜನಕ್ಕೆ ಕಾಯಿಲೆಯ ಮೊದಲ ಸೂಚನೆಯೇ ಒಂದು ಬದಿಯ ಹೆಗಲು ಹಿಡಿದುಕೊಳ್ಳುವುದು, ಅದಕ್ಕೆ ತಿಂಗಳುಗಟ್ಟಲೆ ಎಣ್ಣೆ ಹಚ್ಚಿ, ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದಿರುತ್ತಾರೆ. ಮಾತ್ರೆಯ ಪ್ರಭಾವ ಇಳಿದಾಗ ಬರುವ ನೋವು ಬೇರೆ. ಬೆಳಗಿನ ಜಾವ ಕಾಲಿನ ಬೆರಳು ಒಳಕ್ಕೆ ಮುದುಡಿ, ಪಾದ ತಿರುಚಿಕೊಂಡು ಜೀವ ಹೋಗುವಂತಾಗುವುದು ಡಿಸ್ಟೋನಿಯಾ; ರಾತ್ರಿಯ ಮಾತ್ರೆಗೂ ಬೆಳಗಿನ ಮಾತ್ರೆಗೂ ನಡುವಿನ ಅಂತರ ಅದರ ಸಾಮಾನ್ಯ ಕಾರಣ. ಬೆನ್ನಿನಿಂದ ಕಾಲಿಗೆ ಕರೆಂಟ್ ಹೊಡೆದಂತೆ ಇಳಿಯುವುದು ನರ ಒತ್ತಿಕೊಂಡದ್ದರಿಂದ ಇರಬಹುದು. ಎಲ್ಲಿ ಅಂತ ಬೆರಳು ಇಟ್ಟು ತೋರಿಸಲಾಗದ, ಮೈಯೆಲ್ಲಾ ಉರಿಯುವಂಥ ನೋವೂ ಇದೆ. ಅದು ಮೆದುಳು ನೋವನ್ನು ಅಳೆಯುವ ರೀತಿಯೇ ಬದಲಾದದ್ದರಿಂದ. ಇಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2015ರಲ್ಲಿ ಪಾರ್ಕಿನ್ಸನ್ ನೋವಿಗೆಂದೇ ಒಂದು ಅಳತೆಯ ಪಟ್ಟಿ ಪ್ರಕಟಿಸಿದರು, ಏಳು ವಿಭಾಗ, 14 ಪ್ರಶ್ನೆ. ಏಳು ವಿಭಾಗ ಬೇಕಾಯಿತು ಅಂದರೆ ನೋವಿನಲ್ಲಿ ಎಷ್ಟು ಬಗೆ ಇರಬೇಕು ಯೋಚಿಸಿ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಮಾತ್ರೆ ಇಳಿದಾಗಿನ ನೋವಿಗೆ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಬಹುದು. ಆ ನೋವಿಗೆ ಮುಲಾಮು ತಿಕ್ಕಿ ಪ್ರಯೋಜನ ಇಲ್ಲ.

ನಮ್ಮ ಹಿರಿಯರಿಗೆ ಈ ಬಗೆಗಳನ್ನು ಹೇಳಲು ಶಬ್ದ ಬೇಕಾದಷ್ಟಿವೆ. ಚಳುಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ಉರಿ ಬೇರೆ, “ಹಿಡ್ಕೊಂಡಿದೆ” ಬೇರೆ. ಸುಸ್ತಿಗೂ ಹಾಗೆಯೇ. “ಮೈಯಾಗ ತ್ರಾಣ ಇಲ್ಲ” ಅಂತ ಧಾರವಾಡದ ಅಜ್ಜ ಹೇಳುವುದೂ, “ಬಚ್ಚಿತು” ಅಂತ ಕರಾವಳಿಯ ದೊಡ್ಡಮ್ಮ ಹೇಳುವುದೂ, “ಮನಸ್ಸೇ ಇಲ್ಲ ಕಣೋ” ಅಂತ ಮೈಸೂರಿನ ತಂದೆ ಹೇಳುವುದೂ ಒಂದೇ ಅಲ್ಲ. ಮೂರನೆಯದು ಖಿನ್ನತೆಯ ಸುಳಿವೂ ಆಗಿರಬಹುದು. ಆದರೆ ಡಾಕ್ಟರ ಎದುರು ಕೂತಾಗ ಜೊತೆಗೆ ಹೋದ ಮಗನೋ ಸೊಸೆಯೋ ಇಷ್ಟನ್ನೂ “ಪೇನ್ ಇದೆ ಡಾಕ್ಟ್ರೇ, ವೀಕ್‌ನೆಸ್ ಇದೆ” ಎಂದು ಎರಡು ಪದಕ್ಕೆ ಇಳಿಸಿಬಿಡುತ್ತಾರೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿರುವ ಓಪಿಡಿಯಲ್ಲಿ ಡಾಕ್ಟರು ಆ ಎರಡು ಪದಕ್ಕೆ ತಕ್ಕ ಮಾತ್ರೆ ಬರೆಯುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ. ಹೇಳಿದ್ದೇ ಅಷ್ಟು.

ನಮ್ಮ ಸಲಹೆ: ಹಿರಿಯರು ಹೇಳಿದ ಶಬ್ದವನ್ನು ಹಾಗೇ ಬರೆದಿಡಿ, ಅನುವಾದ ಮಾಡಬೇಡಿ. ಪಕ್ಕದಲ್ಲಿ ಹೊತ್ತು ಬರೆಯಿರಿ. ಕೊನೆಯ ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು ಅದನ್ನೂ ಬರೆಯಿರಿ. ಒಂದು ವಾರದ ಇಂಥ ಹಾಳೆ ಡಾಕ್ಟರ ಮೇಜಿನ ಮೇಲಿಟ್ಟರೆ, ಅದು ಹೇಳುವಷ್ಟನ್ನು ಎಷ್ಟೋ ಸಲ ಸ್ಕ್ಯಾನ್ ಕೂಡ ಹೇಳುವುದಿಲ್ಲ. ನಿಮ್ಹಾನ್ಸ್‌ನಂಥ ಕಡೆ ದೂರದ ಊರಿಂದ ರಾತ್ರಿ ಬಸ್ಸಿಗೆ ಬಂದು, ಐದು ನಿಮಿಷ ಸಿಗುವವರಿಗಂತೂ ಆ ಹಾಳೆ ಬೇಕೇ ಬೇಕು.

ಸುಸ್ತಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ಇದನ್ನು ಯಾರೂ ನಂಬುವುದಿಲ್ಲ. ನೋವಿಗಾದರೆ ಮುಖ ಕಿವುಚಿಕೊಳ್ಳುವುದು ಕಾಣುತ್ತದೆ (ಪಾರ್ಕಿನ್ಸನ್‌ನಲ್ಲಿ ಮುಖದ ಭಾವವೂ ಕಡಿಮೆಯಾಗುವುದರಿಂದ ಅದೂ ಅನುಮಾನ). ಸುಸ್ತಿಗೆ ಸಾಕ್ಷಿ ಇಲ್ಲ. “ಬೆಳಗ್ಗೆಯಿಂದ ಕೂತೇ ಇದ್ದೀರಲ್ಲ, ಯಾವ ಕೆಲಸ ಮಾಡಿದ್ದಕ್ಕೆ ಸುಸ್ತು?” ಎಂದು ಕೇಳುವ ಮನೆ ಎಷ್ಟಿಲ್ಲ? ಇದು ಕೆಲಸ ಮಾಡಿ ಬರುವ ದಣಿವಲ್ಲ, ನಿದ್ದೆಗೆಟ್ಟು ಬರುವ ತೂಕಡಿಕೆಯೂ ಅಲ್ಲ. ಮಲಗಿ ಎದ್ದರೂ ಹೋಗುವುದಿಲ್ಲ. ಕಾಯಿಲೆ ಈಗಷ್ಟೇ ಪತ್ತೆಯಾಗಿ, ಇನ್ನೂ ಒಂದು ಮಾತ್ರೆಯನ್ನೂ ಶುರು ಮಾಡದವರಲ್ಲೇ ಮೂರನೇ ಒಂದಕ್ಕಿಂತ ಹೆಚ್ಚು ಜನಕ್ಕೆ ಈ ಸುಸ್ತು ಇದ್ದದ್ದು ಅಧ್ಯಯನದಲ್ಲಿ ಕಂಡಿದೆ. ಅಂದರೆ ಇದು ಮಾತ್ರೆಯ ದೋಷವೂ ಅಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ, ಕಾಯಿಲೆಯ ಭಾಗ. ಇದಕ್ಕೆ ಖಚಿತವಾದ ಔಷಧ ಇನ್ನೂ ಇಲ್ಲ ಎಂಬುದೂ ನಿಜ. ಆದರೆ ಇದರ ಜೊತೆ ಸೇರಿಕೊಳ್ಳುವ ಬೇರೆ ಕಾರಣಗಳಿಗೆ ಔಷಧ ಇದೆ: ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಕೆಟ್ಟ ನಿದ್ದೆ, ಎದ್ದು ನಿಂತಾಗ ಬಿಪಿ ಇಳಿಯುವುದು. ಇವನ್ನು ಹುಡುಕಬೇಕಾದರೆ ಮೊದಲು ಸುಸ್ತನ್ನು ನಂಬಬೇಕು.

ನಂಬದಿದ್ದರೆ ಏನಾಗುತ್ತದೆ? “ವಾಕಿಂಗ್ ಹೋಗಿ, ವಾಕಿಂಗ್ ಹೋಗಿ” ಅಂತ ಬೆನ್ನು ಹತ್ತುತ್ತಾರೆ. ವ್ಯಾಯಾಮ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನೋವಿಗೂ ಒಳ್ಳೆಯದು, ಸುಸ್ತಿಗೂ ಒಳ್ಳೆಯದು. ನಮ್ಮಲ್ಲಿ ಫಿಸಿಯೋಥೆರಪಿ ಓದುವವರು ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಅಂದರು. ಆದರೆ ಯಾರಿಗೆ, ಯಾವಾಗ, ಎಷ್ಟು? ಇಂಗ್ಲೆಂಡಿನಲ್ಲಿ 474 ಜನರ ಮೇಲೆ ನಡೆದ ಪಿಡಿಸೇಫ್ ಎಂಬ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮನೆಗೇ ಬಂದು ಹೇಳಿಕೊಡುವ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆಯೇ ಅಂತ ನೋಡಿದರು. ಒಟ್ಟಾರೆ ಲೆಕ್ಕದಲ್ಲಿ ಆಗಲಿಲ್ಲ. ಸಮತೋಲನ ಸುಧಾರಿಸಿತು, ಆತ್ಮವಿಶ್ವಾಸ ಹೆಚ್ಚಿತು. ಕಾಯಿಲೆ ಮಧ್ಯಮ ಹಂತದಲ್ಲಿದ್ದವರು ಕಡಿಮೆ ಬಿದ್ದರು, ಆದರೆ ಕಾಯಿಲೆ ಬಲಿತವರು ಹೆಚ್ಚು ಬಿದ್ದರು. ಹಾಗಾಗಿ ಎಲ್ಲರಿಗೂ ಒಂದೇ ಮಂತ್ರ ಜಪಿಸುವುದು ಅಪಾಯ. ಮೊದಲ ಹಂತದಲ್ಲಿ ಇರುವ ತಂದೆಯನ್ನು ಸೋಫಾದಿಂದ ಎಬ್ಬಿಸಿ ಪಾರ್ಕಿಗೆ ಕಳಿಸುವುದು ಸರಿ. ಎರಡು ಸಲ ಬಿದ್ದಿರುವ, ಸಂಜೆಯ ಹೊತ್ತಿಗೆ ನಿಲ್ಲಲೂ ತ್ರಾಣವಿಲ್ಲದ ಅಜ್ಜನನ್ನು ಅದೇ ಹುರುಪಿನಲ್ಲಿ ಎಬ್ಬಿಸಿ ನಡೆಸುವುದು ಸರಿಯಲ್ಲ. ಅವರಿಗೆ ಜೊತೆಯಲ್ಲಿ ಒಬ್ಬರು ಬೇಕು, ಕುರ್ಚಿ ಹಿಡಿದು ಮಾಡುವ ವ್ಯಾಯಾಮ ಬೇಕು, ಅದೂ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ.

ಹೊತ್ತು ಅಂದೆವಲ್ಲ, ಈ ಕಾಯಿಲೆಯಲ್ಲಿ ಗಡಿಯಾರವೇ ಅರ್ಧ ಡಾಕ್ಟರು. ಕೇರ್ ಹೋಮ್‌ನಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ಗೆಳೆಯರಿಗೆ ಹೇಳಿಕೊಟ್ಟ ಪಾಠ: ಬೇರೆಯವರ ಮಾತ್ರೆ ಹತ್ತು ನಿಮಿಷ ಆಚೀಚೆ ಆದರೂ ನಡೆದೀತು, ಪಾರ್ಕಿನ್ಸನ್‌ನವರದ್ದು ಆಗಬಾರದು. ಆಸ್ಪತ್ರೆಗಳಲ್ಲೂ ಇದು ತಪ್ಪದಿರಲಿ ಅಂತಲೇ ಪಾರ್ಕಿನ್ಸನ್ಸ್ ಯುಕೆ ‘ಗೆಟ್ ಇಟ್ ಆನ್ ಟೈಮ್’ ಎಂಬ ಅಭಿಯಾನ ನಡೆಸುತ್ತಾ ಬಂದಿದೆ. ಲೆವೊಡೋಪಾ ಹೊಟ್ಟೆಯಲ್ಲಿ ಪ್ರೋಟೀನ್ ಜೊತೆ ಪೈಪೋಟಿಗೆ ಬೀಳುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಅನ್ನುವುದು ಅದಕ್ಕೇ. ನಮ್ಮ ಮನೆಗಳಲ್ಲಿ ಮಾತ್ರೆ ಅಂದರೆ ‘ಊಟ ಆದ ಮೇಲೆ’. ಬೇಳೆ ಸಾರು, ಮೊಸರನ್ನ ಎಲ್ಲಾ ಮುಗಿಸಿ, ಬಾಯಿ ಮುಕ್ಕಳಿಸಿ, ಆಮೇಲೆ ಮಾತ್ರೆ. ಅದು ಏರಲು ತಡ, ಏರಿದರೂ ಅರ್ಧ. ಆ ಅರ್ಧ ಏರಿದ ಹೊತ್ತಿನಲ್ಲಿ ಕೈ ತೊಳೆಯಲು ಬಚ್ಚಲಿಗೆ ಹೊರಡುತ್ತಾರೆ, ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಬಾಗಿಲು, ತಿರುವು, ಇಕ್ಕಟ್ಟಾದ ಜಾಗ, ಇವೆಲ್ಲಾ ಕಾಲು ಅಂಟಿಸುವ ಜಾಗಗಳು ಅಂತ ಎಲ್ಲ ದೇಶದ ರೋಗಿಗಳೂ ಹೇಳುತ್ತಾರೆ. ನಮ್ಮಲ್ಲಿ ಆ ಬಾಗಿಲಿಗೆ ಅರ್ಧ ಅಡಿ ಎತ್ತರದ ಹೊಸ್ತಿಲೂ ಇದೆ, ಅದರಾಚೆ ಒದ್ದೆ ನೆಲವೂ ಇದೆ. ಆದರೆ ಮಾತ್ರೆಯ ಹೊತ್ತನ್ನು ಫೋನಿನಲ್ಲೇ ಬದಲಿಸಲು ಹೊರಡಬೇಡಿ. ಖಾಲಿ ಹೊಟ್ಟೆಗೆ ವಾಕರಿಕೆ ಬರುವವರೂ ಇದ್ದಾರೆ, ಅವರ ಡಾಕ್ಟರನ್ನೇ ಕೇಳಬೇಕು.

ಇದೇ ಗಡಿಯಾರ ನಮ್ಮ ಫೋನ್ ಕಾಲ್‌ಗೂ ಅನ್ವಯಿಸುತ್ತದೆ. ಇಲ್ಲಿ ಸಂಜೆ ಐದಕ್ಕೆ ಕ್ಲಾಸ್ ಮುಗಿದು ಬಸ್ ಸ್ಟಾಪ್‌ನಲ್ಲಿ ನಿಂತಾಗ ಊರಿನ ನೆನಪಾಗುತ್ತದೆ. ಚಳಿಗಾಲದಲ್ಲಿ ಆಗ ಊರಲ್ಲಿ ರಾತ್ರಿ ಹತ್ತೂವರೆ. ಹಗಲಿನ ಕೊನೆಯ ಮಾತ್ರೆ ಇಳಿದಿರುತ್ತದೆ, ಸುಸ್ತು ತುತ್ತತುದಿಯಲ್ಲಿರುತ್ತದೆ, ಫೋನು ನಡುಮನೆಯಲ್ಲಿ ಚಾರ್ಜ್‌ಗೆ ಹಾಕಿರುತ್ತದೆ. ಮೊಮ್ಮಗಳ ಕಾಲ್ ಕಟ್ ಆಗಬಾರದು ಅಂತ ಮಂಚದಿಂದ ಎದ್ದು ಕತ್ತಲಲ್ಲಿ ದಡಬಡ ಬರುವ ಅಜ್ಜನನ್ನು ಊಹಿಸಿಕೊಳ್ಳಿ. ಅದೇ ಕಾಲ್ ಇಲ್ಲಿಯ ಬೆಳಗ್ಗೆ ಎಂಟಕ್ಕೋ, ಮಧ್ಯಾಹ್ನ ಹನ್ನೆರಡಕ್ಕೋ ಮಾಡಿದರೆ ಅಲ್ಲಿ ಮಧ್ಯಾಹ್ನ ಒಂದೂವರೆ, ಸಂಜೆ ಐದೂವರೆ. ಯಾವ ಹೊತ್ತಿಗೆ ಅವರ ಮೈ ಹಗುರ ಇರುತ್ತದೆ ಅಂತ ಅವರನ್ನೇ ಕೇಳಿ, ಆ ಹೊತ್ತಿಗೆ ಮಾಡಿ. ಮೊದಲೇ ಒಂದು ಮೆಸೇಜ್ ಹಾಕಿ, ಫೋನು ಅವರ ಕೈಯಲ್ಲಿದೆ ಅಂತ ತಿಳಿದ ಮೇಲೆ.

ಇನ್ನು ವಾಚ್ ವಿಷಯ. ವಿದೇಶದಲ್ಲಿ ಓದುವ ಮಕ್ಕಳು ಮೊದಲ ಸಂಬಳ, ಸ್ಕಾಲರ್‌ಶಿಪ್ ಬಂದ ಕೂಡಲೇ ಬಿದ್ದದ್ದನ್ನು ಗುರುತಿಸುವ ಸ್ಮಾರ್ಟ್ ವಾಚ್ ಕೊಂಡು ಊರಿಗೆ ಕಳಿಸುತ್ತಾರೆ. ಬೇಡ ಅನ್ನುವುದಿಲ್ಲ, ಒಬ್ಬರೇ ಇರುವ ಮನೆಯಲ್ಲಿ ಅದು ಜೀವ ಉಳಿಸೀತು. ಆದರೆ ಅದು ಹೇಳುವುದು ಬಿದ್ದ ಮೇಲೆ. ಬೀಳುವ ಮೊದಲೇ ಹೇಳಬಲ್ಲ ವಿಧಾನ ಇದಕ್ಕಿಂತ ಅಗ್ಗ. ಸಿಡ್ನಿಯ ಸಂಶೋಧಕರು 2013ರಲ್ಲಿ ಮೂರೇ ಸಂಗತಿ ಸಾಕು ಅಂತ ತೋರಿಸಿದರು: ಹೋದ ವರ್ಷ ಬಿದ್ದಿದ್ದಾರೆಯೇ, ಹೋದ ತಿಂಗಳು ಕಾಲು ನೆಲಕ್ಕೆ ಅಂಟಿದಂತಾಗಿತ್ತೇ, ತಮ್ಮ ಮಾಮೂಲಿ ನಡಿಗೆಯಲ್ಲಿ ನಾಲ್ಕು ಮೀಟರ್ ನಡೆಯಲು ಸುಮಾರು 3.6 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ. ಮೂರಕ್ಕೂ ಹೌದು ಅಂದರೆ ಮುಂದಿನ ತಿಂಗಳುಗಳಲ್ಲಿ ಬೀಳುವ ಸಾಧ್ಯತೆ ಬಹಳ ಹೆಚ್ಚು. ಒಳ್ಳೆಯ ಪರೀಕ್ಷೆ. ಆದರೆ ಅದು ಯಾರು ಬೀಳುತ್ತಾರೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಆ ಯಾಕೆಗೆ ನಾವು ಇನ್ನೆರಡು ಪ್ರಶ್ನೆ ಸೇರಿಸುತ್ತೇವೆ: “ಇವತ್ತು ಎಲ್ಲಿ ನೋವು, ಯಾವ ಹೊತ್ತಿಗೆ?” “ಯಾವ ಹೊತ್ತಿಗೆ ಸುಸ್ತು ಜಾಸ್ತಿ ಆಯ್ತು?”

ಮಧ್ಯೆ ಒಂದು ಎಚ್ಚರಿಕೆ, ಇದು ಎಲ್ಲರ ಮನೆಯ ಮಾತ್ರೆ ಡಬ್ಬಿಗೂ ಸಂಬಂಧಿಸಿದ್ದು. ಹಿರಿಯರು ತೂರಾಡಿದರೆ, ಬಿದ್ದರೆ, ಮೆಡಿಕಲ್ ಶಾಪಿನಲ್ಲಿ “ತಲೆಸುತ್ತಿಗೆ ಮಾತ್ರೆ ಕೊಡಿ” ಅಂತ ಕೇಳುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಸಿಗುವ ಪ್ರೊಕ್ಲೋರ್‌ಪೆರಜಿನ್, ಸಿನ್ನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಇವು ಡೋಪಮೈನ್ ಕೆಲಸಕ್ಕೇ ಅಡ್ಡ ಬರುವ ಔಷಧಗಳು. ಪಾರ್ಕಿನ್ಸನ್ ಇರುವವರ ನಡಿಗೆ ಇವುಗಳಿಂದ ಇನ್ನಷ್ಟು ಹದಗೆಡುತ್ತದೆ. ನೋವಿಗೆ ಅಂತ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ. ನಿದ್ದೆ ಮಾತ್ರೆ ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳಿಸುತ್ತದೆ. ಡಬ್ಬಿಯನ್ನು ವಿಡಿಯೋದಲ್ಲಿ ತೋರಿಸಲು ಹೇಳಿ, ಪ್ರತಿ ಪಟ್ಟಿಯ ಹೆಸರು ಬರೆದುಕೊಂಡು ಅವರ ಡಾಕ್ಟರಿಗೆ ತಲುಪಿಸಿ. ಹಾಗಂತ ಏನನ್ನೂ ತಾವೇ ನಿಲ್ಲಿಸಬಾರದು. ಲೆವೊಡೋಪಾ ಹಠಾತ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ನಸುಗುನ್ನಿ ಬೀಜದ ಪುಡಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇವೆ: ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಲಂಡನ್ನಿನಲ್ಲೇ 2004ರಲ್ಲಿ ಎಂಟು ಜನರ ಮೇಲೆ ಪರೀಕ್ಷೆಯೂ ಆಗಿದೆ. ಇರುವುದರಿಂದಲೇ ಡಾಕ್ಟರಿಗೆ ಹೇಳದೆ ಜೊತೆಗೆ ತೆಗೆದುಕೊಳ್ಳಬಾರದು. ಡೋಸ್ ಎರಡು ಕಡೆಯಿಂದ ಏರುತ್ತದೆ.

ಕೆಲವರು ಕೇಳಬಹುದು: ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರ ಕೂತು ಇದನ್ನೆಲ್ಲಾ ಹೇಳುವುದು ಸುಲಭ, ಅಲ್ಲಿ ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ತಿರುಗಿಸುವವರು ಯಾರು? ಸರಿಯಾದ ಪ್ರಶ್ನೆ. ಆ ಕೆಲಸ ಅಜ್ಜಿಯದ್ದು, ಅಮ್ಮನದ್ದು, ಸೊಸೆಯದ್ದು. ಅವರಿಗೂ ಸೊಂಟ ನೋವಿದೆ, ಅವರಿಗೂ ಸುಸ್ತಿದೆ. ಅವರಿಗೆ ಇನ್ನೊಂದು ಉಪದೇಶ ಕಳಿಸುವುದು ನಮ್ಮ ಉದ್ದೇಶ ಅಲ್ಲ. ದೂರ ಇರುವವರಿಗೆ ಒಂದು ಅನುಕೂಲ ಇದೆ, ಅದನ್ನು ಬಳಸಿ ಅಂತಷ್ಟೇ. ಪಕ್ಕದಲ್ಲಿರುವವರಿಗೆ ಹೊತ್ತು ಹೊತ್ತಿನ ಕೆಲಸದಲ್ಲಿ ಬರೆದಿಡಲು ಬಿಡುವಿಲ್ಲ. ದಿನಕ್ಕೆ ಹತ್ತು ನಿಮಿಷ ಕೇಳಿ ಬರೆದಿಡುವುದು ಇಲ್ಲಿಂದಲೇ ಆಗುವ ಕೆಲಸ. ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಮನೆಗೆ ಬರುವಂತೆ ಗೊತ್ತು ಮಾಡಿ ಹಣ ಕಳಿಸುವುದೂ ಇಲ್ಲಿಂದಲೇ ಆಗುತ್ತದೆ. ವಾಚ್‌ನ ಬೆಲೆಯಲ್ಲಿ ಎಷ್ಟು ತಿಂಗಳು ಬರುತ್ತಾರೆ ಅಂತ ನೀವೇ ಲೆಕ್ಕ ಹಾಕಿ.

ಇದಕ್ಕಿಂತ ಕಷ್ಟದ್ದು ಹಿರಿಯರ ಮೌನ. “ಮಗು ಓದ್ತಾ ಇದೆ, ಪರೀಕ್ಷೆ ಹತ್ರ ಇದೆ, ಯಾಕೆ ಸುಮ್ನೆ ತಲೆಗೆ ಹಚ್ಚೋದು” ಎಂದು ಬಿದ್ದದ್ದನ್ನೇ ಮುಚ್ಚಿಡುವ ಮನೆಗಳಿವೆ. ಇನ್ನು ನೋವನ್ನು ಹೇಳುತ್ತಾರೆಯೇ? “ಹೇಗಿದ್ದೀರಾ ತಾತ?” ಅಂದರೆ “ಆರಾಮ್ ಇದೀನಪ್ಪ” ಅನ್ನುವುದು ಉತ್ತರ ಅಲ್ಲ, ಸಂಪ್ರದಾಯ. ನಮ್ಮ ಅನುಭವದಲ್ಲಿ ‘ಹೇಗಿದ್ದೀರಾ’ಗೆ ಸುಳ್ಳು ಬರುತ್ತದೆ, ‘ನಿನ್ನೆ ರಾತ್ರಿ ಕಾಲು ಎಷ್ಟೊತ್ತಿಗೆ ಸೆಳೀತು?’ ಅಂದರೆ ನಿಜ ಬರುತ್ತದೆ. ಕೇಳುವವರಿಗೆ ಗೊತ್ತಿದೆ ಅಂತ ಅನ್ನಿಸಿದಾಗ ಬಚ್ಚಿಡುವ ಶ್ರಮ ಯಾಕೆ ಅಂತಲೋ ಏನೋ! ಕೇರ್ ಹೋಮ್‌ನಲ್ಲಿರುವ ಇಂಗ್ಲಿಷ್ ಅಜ್ಜಂದಿರದ್ದೂ ಇದೇ ಕಥೆ. “ಮಸ್ಟ್‌ನಾಟ್ ಗ್ರಂಬಲ್” ಅನ್ನುವುದು ಅವರ “ಆರಾಮ್ ಇದೀನಪ್ಪ”.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರಿಗೆ ಕೆಲವು ಮಾತು. ಮೊದಲ ದಿನ ಏನೂ ಬದಲಿಸಬೇಡಿ, ಸುಮ್ಮನೆ ಅವರ ಹಿಂದೆ ಹಿಂದೆ ನಡೆದು ನೋಡಿ: ಬೆಳಗ್ಗೆ ಮಂಚದಿಂದ ಹೇಗೆ ಏಳುತ್ತಾರೆ, ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಕಾಲು ನಿಲ್ಲುತ್ತದೆ. ಗೋಡೆ ಹಿಡಿಯುವ ಜಾಗದಲ್ಲಿ ಕಬ್ಬಿಣದ ಹಿಡಿ ಹಾಕಿಸಿ, ಟವೆಲ್ ಹಾಕುವ ಸರಳಲ್ಲ, ಮೈ ಭಾರ ತಡೆಯುವಂಥದ್ದು. ಕಾಲು ನಿಲ್ಲುವ ಬಾಗಿಲ ಮುಂದೆ ನೆಲದ ಮೇಲೆ ಒಂದು ಹೆಜ್ಜೆ ಅಂತರಕ್ಕೆ ನಾಲ್ಕೈದು ಅಡ್ಡ ಗೆರೆ, ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪಿನಲ್ಲಿ ಅಂಟಿಸಿ. ಗೆರೆ ದಾಟುವ ಗುರಿ ಸಿಕ್ಕಾಗ ಅಂಟಿದ ಕಾಲು ಎಷ್ಟೋ ಜನಕ್ಕೆ ಬಿಡುತ್ತದೆ. ಕೆಲವರಿಗೆ ‘ಒಂದು, ಎರಡು’ ಅಂತ ಎಣಿಸಿದರೂ ಸಾಕು, ಕೆಲವರಿಗೆ ತಾಳ ಹಾಕಿದರೆ ಹೆಜ್ಜೆ ಬರುತ್ತದೆ. ಕಾಲೊರಸು ಜಾರುತ್ತಿದ್ದರೆ ತೆಗೆದುಬಿಡಿ. ಹವಾಯಿ ಚಪ್ಪಲಿ ಬದಲು ಹಿಮ್ಮಡಿ ಹಿಡಿಯುವ ಚಪ್ಪಲಿ ಕೊಡಿಸಿ. ಬಚ್ಚಲಲ್ಲಿ ಒಂದು ಗಟ್ಟಿ ಸ್ಟೂಲ್, ರಾತ್ರಿ ಹೊತ್ತಿಗೆ ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ. ಎದ್ದ ತಕ್ಷಣ ನಡೆಯದೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಲಿ.

ಇವೆಲ್ಲಾ ಒಂದು ದಿನದ ಕೆಲಸ, ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನು. ಮಾತ್ರೆ, ನೋವು, ಸುಸ್ತು ಮೂರರ ಹೊತ್ತನ್ನೂ ಬರೆಯುವ ಹಾಳೆಯೊಂದನ್ನು ನಾವು ಕನ್ನಡದಲ್ಲೇ ಮಾಡಿಟ್ಟಿದ್ದೇವೆ, ದೊಡ್ಡ ಅಕ್ಷರದಲ್ಲಿ, ಒಂದು ಪುಟ, ಒಂದು ವಾರಕ್ಕೆ. ಬೇಕಾದವರು ಸಂಘದ ಗುಂಪಿನಲ್ಲಿ ಕೇಳಿ, ಕಳಿಸುತ್ತೇವೆ. ನಿಮ್ಮ ಮನೆಯಲ್ಲಿ ನೋವಿಗೆ, ಸುಸ್ತಿಗೆ ಬಳಸುವ ಮಾತು ಅದರಲ್ಲಿ ಇಲ್ಲದಿದ್ದರೆ ಅದನ್ನೂ ಬರೆದು ಕಳಿಸಿ. ಬೀದರಿನವರು ಮತ್ತು ಕೊಡಗಿನವರು ಇನ್ನೂ ಯಾರೂ ಕೊಟ್ಟಿಲ್ಲ.